ಬೀಗ ಅಂಗಡಿಗೆ, ಖಾತೆ ಮನೆಯಲ್ಲಿ

ದಾವಣಗೆರೆಯ ಯುಬಿಡಿಟಿಯಲ್ಲೋ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದಿ ಬೆಂಗಳೂರು ಸೇರಿದ್ದ ಮಕ್ಕಳು 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಸಮೇತ ಭಾನುವಳ್ಳಿಯಂಥ ಊರುಗಳಿಗೆ ಮರಳಿದರು. ಕಂಪನಿಗಳು ಕಾವಲುಗಾರ, ಕ್ಯಾಮೆರಾ, ಗುರುತಿನ ಚೀಟಿ ಇಟ್ಟು ಕಾಯುತ್ತಿದ್ದ ಮಾಹಿತಿ ಒಮ್ಮೆಲೇ ಪಡಸಾಲೆಗೆ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಬಿಪಿಒಗಳ ನಿಯಮ ಸಡಿಲಿಸಿ ಮನೆಯಿಂದ ಕೆಲಸಕ್ಕೆ ದಾರಿ ಮಾಡಿಕೊಟ್ಟಿತು. ಮಕ್ಕಳಲ್ಲಿ ಹಲವರು ಈಗಲೂ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ.

ಮನೆಗೆ ಬಂದ ಮಾಹಿತಿಯನ್ನು ಕಾಯುವುದು ಸಾಫ್ಟ್‌ವೇರ್‌ನವರ ಚಿಂತೆ ಮಾತ್ರ ಎಂದುಕೊಂಡರೆ ನಮ್ಮೂರನ್ನೇ ಸರಿಯಾಗಿ ನೋಡಿಲ್ಲವೆಂದೇ ಅರ್ಥ. ದಾವಣಗೆರೆಯ ದಲಾಲಿ ಅಂಗಡಿ, ಹರಿಹರ–ಮಲೇಬೆನ್ನೂರು ಕಡೆಯ ಅಕ್ಕಿ ಗಿರಣಿ, ಆಡಿಟರ್ ಕಚೇರಿ, ಹೆಚ್ಚಿನ ಕಡೆ ಲೆಕ್ಕ ಇಂದು ಟ್ಯಾಲಿ ತಂತ್ರಾಂಶದಲ್ಲಿದೆ. ಜಿಎಸ್‌ಟಿ ರಿಟರ್ನಿನ 11ನೇ ಮತ್ತು 20ನೇ ತಾರೀಖು ಹತ್ತಿರ ಬಂದರೆ ಲೆಕ್ಕ ಬರೆಯುವವರ ಮನೆಯಲ್ಲಿ ರಾತ್ರಿ ದೀಪ ಆರುವುದಿಲ್ಲ. ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಮನೆಗೆ ಹೋಗುತ್ತದೆ, ಇಲ್ಲವೇ ಎನಿಡೆಸ್ಕ್ ಹಾಕಿ ಅಂಗಡಿಯ ಕಂಪ್ಯೂಟರನ್ನೇ ಮನೆಯಿಂದ ತೆರೆಯುತ್ತಾರೆ. ಮಾಲೀಕರು ಒಟಿಪಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಯಾವ ಪಾರ್ಟಿಗೆ ಯಾವ ದರ, ಯಾರ ಬಾಕಿ ಎಷ್ಟು, ಯಾವ ರೈತನ ಬ್ಯಾಂಕ್ ಖಾತೆ ಯಾವುದು ಎಂಬ ವಿವರವೆಲ್ಲ ಮಗ ಗೇಮ್ ಆಡುವ ಲ್ಯಾಪ್‌ಟಾಪಿನಲ್ಲೇ ಕುಳಿತಿರುತ್ತದೆ. ಹಿಂದೆ ಕಿರ್ದಿ ಪುಸ್ತಕವನ್ನು ತಿಜೋರಿಗೆ ಹಾಕಿ ಬೀಗ ಹಾಕುತ್ತಿದ್ದ ಮನೆತನಗಳೇ ಈ ಅಂಗಡಿಗಳನ್ನು ನಡೆಸುತ್ತಿರುವುದು.

ಒಂದು ಲ್ಯಾಪ್‌ಟಾಪ್ ಎಷ್ಟು ದೊಡ್ಡ ಬಾಗಿಲಾಗಬಲ್ಲದು ಎಂಬುದಕ್ಕೆ ಬೆಂಗಳೂರಿನ ಪ್ರಕರಣವೊಂದು ಸಾಕು. 2025ರ ಜುಲೈ 19ರಂದು ಕ್ರಿಪ್ಟೊ ವಿನಿಮಯ ಕಂಪನಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು ₹379 ಕೋಟಿ ಕಳುವಾಯಿತು. ಪೊಲೀಸ್ ದೂರಿನ ಪ್ರಕಾರ ಬೆಳಗಿನ ಜಾವ 2.37ಕ್ಕೆ ಯಾರೋ ಒಂದೇ ಒಂದು ಡಿಜಿಟಲ್ ನಾಣ್ಯ ಸಾಗಿಸಿ ಪರೀಕ್ಷಿಸಿದರು, 9.40ರ ಹೊತ್ತಿಗೆ ಉಳಿದದ್ದೆಲ್ಲ ಆರು ವಾಲೆಟ್‌ಗಳಿಗೆ ಹೋಗಿತ್ತು. ತನಿಖೆ ಒಬ್ಬ ನೌಕರನ ಲ್ಯಾಪ್‌ಟಾಪಿಗೆ ಬಂದು ನಿಂತಿತು. ಕಂಪನಿ ಕೆಲಸಕ್ಕೆಂದು ಕೊಟ್ಟ ಯಂತ್ರದಲ್ಲಿ ಆತ ಹೊರಗಿನವರ ಅರೆಕಾಲಿಕ ಕೆಲಸವನ್ನೂ ಮಾಡುತ್ತಿದ್ದ, ಕೆಲಸ ಕೊಡುವ ನೆಪದಲ್ಲಿ ಬಂದ ಫೈಲುಗಳ ಮೂಲಕ ಕಳ್ಳತಂತ್ರಾಂಶ ಒಳನುಗ್ಗಿರಬೇಕು ಎಂಬುದು ಪೊಲೀಸರ ಅಂದಾಜು. ಆತನ ಬಂಧನವಾಯಿತು, ಕಳ್ಳತನದಲ್ಲಿ ತನ್ನ ಪಾತ್ರವಿಲ್ಲ ಎಂದು ಆತ ಹೇಳಿದ. ಗ್ರಾಹಕರ ಹಣಕ್ಕೆ ಧಕ್ಕೆಯಿಲ್ಲ, ನಷ್ಟವನ್ನು ತಾನೇ ಭರಿಸುತ್ತೇನೆ ಎಂದು ಕಂಪನಿ ಪ್ರಕಟಿಸಿತು.

ಸುದ್ದಿ ಓದಿದವರೆಲ್ಲ ಬೈದದ್ದು ಆ ನೌಕರನನ್ನು. ನನಗೆ ಕಾಡುವ ಪ್ರಶ್ನೆ ಬೇರೆ. ಒಬ್ಬರ ಲ್ಯಾಪ್‌ಟಾಪ್ ಕಳ್ಳರ ಹಿಡಿತಕ್ಕೆ ಸಿಕ್ಕರೆ ಅಷ್ಟು ದೊಡ್ಡ ಮೊತ್ತದ ತನಕ ದಾರಿ ತೆರೆದುಕೊಳ್ಳುವಂತೆ ವ್ಯವಸ್ಥೆ ಕಟ್ಟಿದವರು ಯಾರು? ಅಮೆರಿಕದಲ್ಲಿ 2022ರಲ್ಲಿ ಪಾಸ್‌ವರ್ಡ್ ಕಾಯುವುದನ್ನೇ ಕಸುಬಾಗಿಸಿಕೊಂಡ ಲಾಸ್ಟ್‌ಪಾಸ್ ಕಂಪನಿಗೂ ಹೀಗೇ ಆಯಿತು. ಅತಿಮುಖ್ಯ ಕೀಲಿ ಇದ್ದದ್ದು ನಾಲ್ಕೇ ಎಂಜಿನಿಯರುಗಳ ಬಳಿ. ಅವರಲ್ಲೊಬ್ಬರ ಮನೆಯ ಕಂಪ್ಯೂಟರಿನಲ್ಲಿದ್ದ ಸಿನಿಮಾ-ಹಾಡು ನೋಡುವ ಹಳೆಯ ತಂತ್ರಾಂಶದ ಮೂಲಕ ಕಳ್ಳರು ಒಳಬಂದು, ಅವರು ಒತ್ತಿದ ಪಾಸ್‌ವರ್ಡನ್ನೇ ದಾಖಲಿಸಿಕೊಂಡರು.

ಆದ್ದರಿಂದ ಮೊದಲ ಹೊಣೆ ಮಾಲೀಕರದು. ಲೆಕ್ಕ ಬರೆಯುವವರಿಗೆ ಪ್ರತ್ಯೇಕ ಲ್ಯಾಪ್‌ಟಾಪ್ ಕೊಡಿಸುವುದು ದುಂದು ಖರ್ಚಲ್ಲ. ಅದಾಗದಿದ್ದರೆ ಮನೆಯ ಯಂತ್ರದಲ್ಲೇ ಕೆಲಸಕ್ಕೆ ಬೇರೆ ಲಾಗಿನ್ ಇರಲಿ, ಮಕ್ಕಳಿಗೆ ಬೇರೆ. ಟ್ಯಾಲಿಯಲ್ಲಿ ಒಬ್ಬೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ ಕೊಡುವ ಸೌಲಭ್ಯವಿದೆ. ದತ್ತಾಂಶವನ್ನೇ ಗೂಢಲಿಪಿಯಲ್ಲಿಡುವ ಟ್ಯಾಲಿವಾಲ್ಟ್ ಕೂಡ ಇದೆ. ಅದರ ಪಾಸ್‌ವರ್ಡ್ ಮರೆತರೆ ಮತ್ತೆ ಸಿಗದು, ಎಚ್ಚರ. ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಲು ಐದು ನಿಮಿಷ ಸಾಕು. ಕೆಲಸ ಬಿಟ್ಟುಹೋದವರ ಲಾಗಿನ್ ಅಂದೇ ಮುಚ್ಚಬೇಕು: 2021ರಲ್ಲಿ ಅಮೆರಿಕದಲ್ಲಿ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ನಿಂತುಹೋದದ್ದು ಯಾರೂ ಬಳಸದೆ ಉಳಿದಿದ್ದ ಒಂದು ಖಾತೆಯ ಮೂಲಕ ಕಳ್ಳರು ಒಳನುಗ್ಗಿದ್ದರಿಂದ.

ಕಾನೂನೂ ಬಿಗಿಯಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ರಕ್ಷಣೆಯಲ್ಲಿ ಲೋಪವಾದರೆ ದಂಡ ₹250 ಕೋಟಿವರೆಗೂ ಹೋಗಬಹುದು. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕೆಂಬ ಆದೇಶ 2022ರಿಂದಲೇ ಇದೆ.

ಆರು ಗಂಟೆ ದೂರದ ಮಾತು. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆ ಕರೆ ಬೇಗ ಹೋಗಬೇಕಾದರೆ ನೌಕರ ಬಾಯಿಬಿಡಬೇಕು. ರಾತ್ರಿ ಹನ್ನೊಂದಕ್ಕೆ ಯಾವುದೋ ಲಿಂಕ್ ಒತ್ತಿಬಿಟ್ಟ ಹುಡುಗಿ, ಸಂಬಳ ಹಿಡಿದಾರೆಂದು ಹೆದರಿ ಬೆಳಗಿನ ತನಕ ಸುಮ್ಮನಿದ್ದರೆ ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ‘ಅಣ್ಣಾ, ತಪ್ಪಾಗಿದೆ’ ಎಂದು ಆಕೆ ಅದೇ ಗಳಿಗೆಯಲ್ಲಿ ಫೋನ್ ಮಾಡುವಷ್ಟು ಧೈರ್ಯವನ್ನು ಮಾಲೀಕರು ಮೊದಲೇ ಕೊಟ್ಟಿರಬೇಕು.