ಮೆಥೊಟ್ರೆಕ್ಸೇಟ್–ಟ್ರೈಮೆಥೊಪ್ರಿಮ್ ಅಂತರಕ್ರಿಯೆ

ಮೆಥೊಟ್ರೆಕ್ಸೇಟ್–ಟ್ರೈಮೆಥೊಪ್ರಿಮ್ ಅಂತರಕ್ರಿಯೆಯು ಸಂಧಿವಾತದ ಔಷಧ ಮತ್ತು ಪ್ರತಿಜೀವಕವೊಂದನ್ನು ಒಟ್ಟಿಗೆ ಸೇವಿಸಿದಾಗ ಉಂಟಾಗಬಹುದಾದ ಗಂಭೀರ ದುಷ್ಪರಿಣಾಮವಾಗಿದೆ. ರುಮಟಾಯ್ಡ್ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ, ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ ಪ್ರಮಾಣದಲ್ಲಿ ನೀಡಲಾಗುತ್ತದೆ. ಟ್ರೈಮೆಥೊಪ್ರಿಮ್ ಮೂತ್ರನಾಳದ ಸೋಂಕಿಗೆ ಬಳಸುವ ಪ್ರತಿಜೀವಕ. ಸಲ್ಫಾಮೆಥಾಕ್ಸಜೋಲ್‌ನೊಂದಿಗೆ ಬೆರೆಸಿದ ಇದರ ಮಿಶ್ರಣಕ್ಕೆ ಕೋ-ಟ್ರೈಮಾಕ್ಸಜೋಲ್ ಎಂದು ಹೆಸರು.

ಕಾರಣ

ಹೊಸ ಜೀವಕೋಶಗಳ ಡಿಎನ್‌ಎ ರಚನೆಗೆ ಫೋಲೇಟ್ ಅಗತ್ಯ. ಫೋಲೇಟನ್ನು ಬಳಕೆಗೆ ಯೋಗ್ಯವಾದ ರೂಪಕ್ಕೆ ತರುವ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವನ್ನು ಮೆಥೊಟ್ರೆಕ್ಸೇಟ್ ತಡೆಯುತ್ತದೆ. ಟ್ರೈಮೆಥೊಪ್ರಿಮ್ ಮುಖ್ಯವಾಗಿ ಬ್ಯಾಕ್ಟೀರಿಯಾಗಳಲ್ಲಿರುವ ಇದೇ ಕಿಣ್ವವನ್ನು ತಡೆದರೂ, ಮಾನವನ ಕಿಣ್ವದ ಮೇಲೂ ಅಲ್ಪ ಪರಿಣಾಮ ಬೀರುತ್ತದೆ. ಇದಲ್ಲದೆ, ಕೋ-ಟ್ರೈಮಾಕ್ಸಜೋಲ್ ಮೂತ್ರಪಿಂಡಗಳ ಮೂಲಕ ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ಕುಂಠಿತಗೊಳಿಸಬಲ್ಲದು.

ಲಕ್ಷಣಗಳು

ಜೀವಕೋಶಗಳು ವೇಗವಾಗಿ ವಿಭಜನೆಯಾಗುವ ಅಸ್ಥಿಮಜ್ಜೆ ಮೊದಲು ಬಾಧಿತವಾಗುವ ಅಂಗಗಳಲ್ಲೊಂದು. ಕೆಂಪು ರಕ್ತಕಣ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳ ಸಂಖ್ಯೆ ಒಟ್ಟಿಗೆ ಕುಸಿಯುವ ಈ ಸ್ಥಿತಿಯನ್ನು ಪ್ಯಾನ್‌ಸೈಟೋಪೀನಿಯಾ ಎನ್ನುತ್ತಾರೆ. ಬಾಯಿಹುಣ್ಣು, ಜ್ವರ, ಗಂಟಲುನೋವು, ತೀವ್ರ ಸುಸ್ತು, ಚರ್ಮದ ಮೇಲೆ ಕಾರಣವಿಲ್ಲದ ಕಲೆಗಳು ಹಾಗೂ ರಕ್ತಸ್ರಾವ ಇದರ ಸೂಚನೆಗಳು. ವೃದ್ಧರಲ್ಲಿ ಮತ್ತು ಮೂತ್ರಪಿಂಡದ ಕಾರ್ಯಕ್ಷಮತೆ ಕುಗ್ಗಿದವರಲ್ಲಿ ಅಪಾಯ ಹೆಚ್ಚು. ಮೆಥೊಟ್ರೆಕ್ಸೇಟ್ ಪ್ರಮಾಣ ಕಡಿಮೆಯಿದ್ದರೂ ಸಾವು ಸಂಭವಿಸಿದ ಪ್ರಕರಣಗಳು ವರದಿಯಾಗಿವೆ.

ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ಎರಡೂ ಔಷಧಗಳನ್ನು ನಿಲ್ಲಿಸಿ ಫೋಲಿನಿಕ್ ಆಮ್ಲವನ್ನು ನೀಡಲಾಗುತ್ತದೆ. ತಡೆಗೊಳಗಾದ ಕಿಣ್ವದ ನೆರವಿಲ್ಲದೆಯೇ ಇದು ಜೀವಕೋಶಗಳಿಗೆ ಒದಗುತ್ತದೆ. ಸಾಮಾನ್ಯ ಫೋಲಿಕ್ ಆಮ್ಲಕ್ಕೆ ಅದೇ ಕಿಣ್ವ ಬೇಕಾಗುವುದರಿಂದ ಅದು ಇದಕ್ಕೆ ಬದಲಿಯಾಗಲಾರದು. ಮೆಥೊಟ್ರೆಕ್ಸೇಟ್ ಸೇವಿಸುವವರಿಗೆ ಸೋಂಕು ತಗುಲಿದಾಗ ವೈದ್ಯರು ಸಾಮಾನ್ಯವಾಗಿ ಬೇರೆ ಪ್ರತಿಜೀವಕವನ್ನು ಆಯ್ಕೆ ಮಾಡುತ್ತಾರೆ. ಆದ್ದರಿಂದ ವಾರಕ್ಕೊಮ್ಮೆ ಮಾತ್ರ ಸೇವಿಸುವ ಈ ಮಾತ್ರೆಯ ವಿಷಯವನ್ನು ರೋಗಿಯು ವೈದ್ಯರಿಗೂ ಔಷಧಾಲಯದವರಿಗೂ ತಪ್ಪದೆ ತಿಳಿಸುವುದು ಅವಶ್ಯಕ.