ಹಾಲಿನ ಲೆಕ್ಕದ ಪುಸ್ತಕದಲ್ಲೊಂದು ಕಥೆ

ಮಧ್ಯಾಹ್ನ ಎರಡೂವರೆ. ಪಾತ್ರೆ ತೊಳೆದಾಯ್ತು, ಬಟ್ಟೆ ಒಣಹಾಕಿದ್ದಾಯ್ತು. ಮಕ್ಕಳು ಬರೋಕೆ ಇನ್ನೂ ಒಂದೂವರೆ ಗಂಟೆ ಇದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಸಾಲು ಗೀಚಿ, ಯಾರಾದರೂ ನೋಡಿಯಾರೆಂದು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತೀರಾ? ‘ಈ ವಯಸ್ಸಲ್ಲಿ ನನಗಿದೆಲ್ಲಾ ಬೇಕಿತ್ತಾ’ ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತೀರಾ? ಹಾಗಾದರೆ ಎಂ.ಕೆ. ಇಂದಿರಾ ಅವರ ವಿಷಯ ಸ್ವಲ್ಪ ಕೇಳಿ.

1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾ ಅವರಿಗೆ ಮದುವೆಯಾದಾಗ ಬರೀ 12 ವರ್ಷ. ಕಾದಂಬರಿ ಬರೆಯಲು ಕೂತಾಗ ವಯಸ್ಸು 45ರ ಆಸುಪಾಸು! ‘ತುಂಗಭದ್ರ’ ಬಂದದ್ದು 1963ರಲ್ಲಿ. ಇನ್ನು 1976ರ ‘ಫಣಿಯಮ್ಮ’ ಎಲ್ಲಿಂದ ಹುಟ್ಟಿತು ಗೊತ್ತೇ? ಬಾಲವಿಧವೆಯೊಬ್ಬರು ಇಂದಿರಾ ಅವರ ತಾಯಿಯ ಬಳಿ ತಮ್ಮ ಬದುಕನ್ನು ಹೇಳಿಕೊಂಡಿದ್ದರು. ಅದು ಇವರ ಕಿವಿಗೂ ಬಿದ್ದಿತ್ತು. ಎಷ್ಟೋ ವರ್ಷ ಮನಸ್ಸಿನಲ್ಲೇ ಉಳಿದ ಆ ಮಾತು ಕೊನೆಗೆ ಕಾದಂಬರಿಯಾಯ್ತು. 1983ರಲ್ಲಿ ಪ್ರೇಮಾ ಕಾರಂತರ ಕೈಯಲ್ಲಿ ಸಿನಿಮಾ ಕೂಡ ಆಯ್ತು.

ಹಾಸನದ ಬಾನು ಮುಷ್ತಾಕ್ ಅವರನ್ನೇ ನೋಡಿ. ವಕೀಲಿಕೆ ಮಾಡುತ್ತಾ, ತಮ್ಮಲ್ಲಿಗೆ ಕಷ್ಟ ಹೇಳಿಕೊಂಡು ಬಂದ ಹೆಣ್ಣುಮಕ್ಕಳ ಮಾತಿಗೆ ಕಿವಿಯಾದರು. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವುಗಳಲ್ಲಿ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 2025ರಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯೇ ಬಂತು.

ಕಥೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ ಅಂತಾಯ್ತು. ಆದರೆ ನಿಮ್ಮ ನಿಜವಾದ ಭಯ ಅದಲ್ಲ, ನನಗೆ ಗೊತ್ತು. ‘ನಮ್ಮತ್ತೆ ಓದಿದ್ರೆ? ನಾದಿನಿ ಏನಂದ್ಕೋತಾಳೆ?’

ಭಯ ಸುಳ್ಳಲ್ಲ. ನನ್ನ ಮೊದಲ ಕಥೆ ಅಚ್ಚಾದಾಗ ನನ್ನ ಓರಗಿತ್ತಿ ಆರು ತಿಂಗಳು ಮಾತು ಬಿಟ್ಟಿದ್ದರು. ಅವರ ಮೂಗುಬೊಟ್ಟು, ಕಾಫಿಯನ್ನು ಆರಿಸಿ ಆರಿಸಿ ಕುಡಿಯುವ ರೀತಿ, ಕಡೆಗೆ ಅವರು ನನ್ನೊಬ್ಬಳ ಹತ್ತಿರ ಅತ್ತುಕೊಂಡು ಹೇಳಿದ್ದ ಮಾತು, ಎಲ್ಲವನ್ನೂ ಹಾಗ್ಹಾಗೇ ಇಳಿಸಿಬಿಟ್ಟಿದ್ದೆ. ‘ಅಕ್ಕಾ, ಅದು ನೀವಲ್ಲ’ ಅಂದರೆ ಯಾರು ನಂಬುತ್ತಾರೆ? ತಪ್ಪು ನನ್ನದೇ. ಆಮೇಲೆ ಮಾತು ಶುರುವಾದರೂ, ಗುಟ್ಟಿನ ವಿಷಯ ಅಂತ ಅವರು ನನ್ನ ಬಳಿ ಏನನ್ನೂ ಹೇಳಿಲ್ಲ.

ಅದಕ್ಕೇ ಹೇಳೋದು, ನೋವನ್ನು ತಗೊಳ್ಳಿ, ಮೂಗುಬೊಟ್ಟನ್ನು ಬಿಡಿ. ಊರು ಬದಲಿಸಿ, ಮಕ್ಕಳ ಸಂಖ್ಯೆ ಬದಲಿಸಿ. ಅತ್ತೆಯ ಸಿಟ್ಟನ್ನು ಶಾಲೆಯ ಹೆಡ್‌ಮಿಸ್ಸಿಗೆ ಕೊಟ್ಟು ನೋಡಿ, ಸಿಟ್ಟು ಹಾಗೇ ಇರುತ್ತೆ, ಮುಖ ಬೇರೆಯಾಗುತ್ತೆ. ನಂಬಿ ಹೇಳಿದ ಗುಟ್ಟಾದರೆ ಮೊದಲು ಅವರನ್ನೇ ಕೇಳಿಬಿಡಿ. ಬೇಡ ಅಂದರೆ ಬೇಡ. ಬರೆದದ್ದನ್ನು ಒಂದು ತಿಂಗಳು ಎತ್ತಿಟ್ಟು ಆಮೇಲೆ ಗಟ್ಟಿಯಾಗಿ ಓದಿಕೊಳ್ಳಿ. ಯಾರ ಮೇಲೋ ಹಗೆ ತೀರಿಸಿಕೊಳ್ಳಲು ಬರೆದ ಸಾಲು ಕಿವಿಗೆ ತಾನಾಗೇ ಗೊತ್ತಾಗುತ್ತೆ, ನಾಚಿಕೆಯೂ ಆಗುತ್ತೆ.

ಅಂದ ಹಾಗೆ, ಆ ಹಾಲಿನ ಪುಸ್ತಕ ತಿಂಗಳ ಕೊನೆಗೆ ಹಾಲಿನವನ ಕೈಗೆ ಹೋಗುತ್ತಲ್ಲ! ಮಗನ ಹೋದ ವರ್ಷದ ನೋಟ್‌ಬುಕ್ಕುಗಳಲ್ಲಿ ಖಾಲಿ ಹಾಳೆಗಳು ಇದ್ದೇ ಇರುತ್ತವೆ. ಹರಿದು ಹೊಲಿದುಕೊಳ್ಳಿ, ಇವತ್ತೇ.