ಕನ್ನಡಕದೊಳಗಿನ ಲೋಕ

ಅಕ್ಕಂದಿರೇ, ಬಾವಿಗೆ ಬಿದ್ದ ಹಾಗೆ ಕನಸು ಬಿದ್ದರೆ ಏನಾಗುತ್ತದೆ? ಎದೆ ಡವಡವ ಅನ್ನುತ್ತದೆ. ಮೈ ಬೆವರುತ್ತದೆ. ಬಾವಿ ಇರಲಿಲ್ಲ. ಆದರೂ ಹೆದರಿಕೆ ಆಯಿತು ಅಲ್ಲವೇ?

ಎಚ್ಚರ ಇದ್ದಾಗಲೇ ಹೀಗೆ ಇಲ್ಲದ್ದನ್ನು ತೋರಿಸುವ ಯಂತ್ರವೊಂದಿದೆ. ಅದಕ್ಕೆ ವರ್ಚುವಲ್ ರಿಯಾಲಿಟಿ ಅಂತಾರೆ. ಚಿಕ್ಕದಾಗಿ ವಿ.ಆರ್.

ಅದು ದಪ್ಪ ಕನ್ನಡಕದ ಹಾಗಿರುತ್ತದೆ. ಪಟ್ಟಿಯಿಂದ ತಲೆಗೆ ಕಟ್ಟಿಕೊಳ್ಳಬೇಕು. ಒಳಗೆ ಒಂದೊಂದು ಕಣ್ಣಿಗೂ ಒಂದೊಂದು ಚಿತ್ರ ಕಾಣುತ್ತದೆ. ಎರಡಕ್ಕೂ ಸ್ವಲ್ಪವೇ ವ್ಯತ್ಯಾಸ. ನಮ್ಮ ಮೆದುಳು ಎರಡನ್ನೂ ಕೂಡಿಸಿ ಒಂದು ಮಾಡುತ್ತದೆ. ಎಡಕ್ಕೆ ಮುಖ ತಿರುಗಿಸಿದರೆ ಎಡಗಡೆಯದು ಕಾಣುತ್ತದೆ. ಮೇಲೆ ನೋಡಿದರೆ ಆಕಾಶ. ನಾವು ಅಲ್ಲೇ ನಿಂತ ಹಾಗೆ ಅನಿಸುತ್ತದೆ.

ಕಾಲೇಜಿನಲ್ಲಿ ಇದು ಯಾಕೆ ಬೇಕು? ಡಾಕ್ಟರಿಕೆ ಓದುವವರು ಇದರಲ್ಲಿ ಆಪರೇಷನ್ ಅಭ್ಯಾಸ ಮಾಡಬಹುದು. ಕೈ ತಪ್ಪಿದರೂ ಯಾರಿಗೂ ನೋವಿಲ್ಲ.

ಮನಸ್ಸಿನ ಭಯಕ್ಕೂ ಇದು ಮದ್ದಾಗಬಲ್ಲದು. ಅಮೆರಿಕದಲ್ಲಿ ಬಾರ್ಬರಾ ರಾತ್‌ಬಾಮ್ ಎಂಬ ಮನೋವಿಜ್ಞಾನಿ ಇದ್ದಾರೆ. ಅವರೂ ಜೊತೆಗಾರರೂ ಒಂದು ಪ್ರಯೋಗ ಮಾಡಿದರು. 1995ರಲ್ಲಿ ಅದರ ವರದಿ ಬಂತು. ಅದರಲ್ಲಿ ಇದ್ದವರು ಎತ್ತರ ಕಂಡರೆ ಹೆದರುವ ಕಾಲೇಜು ವಿದ್ಯಾರ್ಥಿಗಳು. ಅವರಿಗೆ ಕನ್ನಡಕದೊಳಗೆ ಸೇತುವೆ, ಬಾಲ್ಕನಿ, ಮೇಲೇರುವ ಲಿಫ್ಟ್ ತೋರಿಸಿದರು. ಮೊದಲು ಕಡಿಮೆ ಎತ್ತರ. ಭಯ ಇಳಿದ ಮೇಲೆ ಇನ್ನೂ ಸ್ವಲ್ಪ ಎತ್ತರ. ಮಗು ಗೋಡೆ ಹಿಡಿದು ನಡೆಯಲು ಕಲಿಯುವ ಹಾಗೆ. ಕೆಲವು ವಾರಗಳಲ್ಲಿ ಅವರ ಭಯ ಕಡಿಮೆಯಾಯಿತು.

ಆದರೆ ಒಂದು ಮಾತು ನೆನಪಿಡಿ. ಚಿಕಿತ್ಸೆ ಬಲ್ಲವರು ಅವರ ಜೊತೆಗೇ ಇದ್ದರು. ಬರೀ ಕನ್ನಡಕ ಹಾಕಿಕೊಂಡರೆ ಭಯ ಹೋಗುವುದಿಲ್ಲ. ಕೆಲವರಿಗೆ ಅದರಿಂದ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಆಗ ತಕ್ಷಣ ತೆಗೆಯಬೇಕು.

ಕಾಲೇಜಿಗೆ ಹೋಗುವ ಮಕ್ಕಳಿಗೆ ಎತ್ತರದ ಭಯ ಒಂದೇ ಅಲ್ಲ. ಪರೀಕ್ಷೆಯ ಭಯ ಇದೆ. ಹಾಸ್ಟೆಲಿನಲ್ಲಿ ಮನೆಯ ನೆನಪು ಕಾಡುತ್ತದೆ. ಫೀಸಿನ ಚಿಂತೆ ಇರುತ್ತದೆ. ನಿಮ್ಮ ಮಗಳು ಸರಿಯಾಗಿ ಉಣ್ಣುತ್ತಿಲ್ಲವೇ? ನಿದ್ದೆ ಮಾಡುತ್ತಿಲ್ಲವೇ? ಮಗ ಯಾರ ಜೊತೆಗೂ ಮಾತಾಡುತ್ತಿಲ್ಲವೇ? ಸೋಮಾರಿ ಅಂತ ಬೈಯಬೇಡಿ. ಪಕ್ಕದಲ್ಲಿ ಕೂತು, "ಏನಾಯ್ತಪ್ಪಾ? ಏನಾಯ್ತಮ್ಮಾ?" ಅಂತ ಕೇಳಿ. ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಸಾಯುವ ಮಾತು ಆಡಿದರೆ ಒಂಟಿಯಾಗಿ ಬಿಡಬೇಡಿ. ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಫೋನ್ ಇದೆ. ಹೆಸರು ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ನಂಬರು 14416. ನೀವೀಗ ಅಂಕಿ ಬರೆಯಲು ಕಲಿತಿದ್ದೀರಿ. ಈ ಐದು ಅಂಕಿಗಳನ್ನು ಮನೆಯ ಗೋಡೆಯ ಮೇಲೆ ನಿಮ್ಮ ಕೈಯಿಂದಲೇ ಬರೆದಿಡಿ.